ಟೆಕ್ಸಸ್ ಮ್ಯಾಲಿನ ಹೊಟ್ಟಿಕಿಚ್ಚು

ನಾಸಿಕ್, ಸಾತಪುರ ಕಾಲನಿ
೧೯ ನವೆಂಬರ್ ೨೦೦೯, ಗುರುವಾರ

ವೈಷ್ಣವಿಯ ಅಪ್ಪಾ ಅವರಿಗೆ ಸುಗುಣಾ ಮಾಡುವ ಶರಣು ಶರಣಾರ್ಥಿ.

ಆರಾಮ ಇದ್ದೀರಿಲ್ಲೋ? ಬಿ.ಪಿ. ಗುಳಿಗಿ ದಿನಾ ತಗೋಳ್ಲತ್ತೀರೋ, ಇಲ್ಲಾ ಅಲ್ಲಿಯ ದೊಡ್ಡ ದೊಡ್ಡ ತಾಟಿನ ಊಟದಾಗ ಅದನ್ನೂ ಮರ್ತೀರೋ? ನೀವು ಇ-ಮೇಲಿನಾಗ ಕಳಿಸಿದ ಫೋಟೋ ವೈಷ್ಣವಿ ತೋರಿಸಿದಳು. ಮುಖ ಸೊರಗಿದಂಗ ಕಂಡಿತು. ಇಲ್ಲಾ ಆ ಟೊಪಗಿನೇ ಅಷ್ಟು ದೊಡ್ಡದದನೋ ಏನೋ, ಅದರ ಕೆಳಗ ನೀವು ಅರ್ಧಾನೇ ಕಾಣ್ತೀರಿ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೀವಿ. ವೈಷ್ಣವಿ ಕಂಪ್ಯೂಟರ್ ಕ್ಲಾಸಿನಾಗ ಕಲಿಸಲಿಕ್ಕೆ ಹೋಗ್ತಾಳ, ಬರ್ತಾಳ. ಥಂಡಿ ಸುರು ಆಗ್ಯದ, ನಿಮ್ಮ ಸ್ವೆಟರ್ ಬಿಸಲಿಗೆ ಹಾಕಿ ಮಡಚಿ ಇಟ್ಟೀನಿ.

ಫೋನ್ ಇರೂವಾಗ ಕಾಗದ ಯಾಕ ಅಂತೀರಿ. ಫೋನಿನಾಗ ಮಾತಾಡವರು ನೀವು, ಹೂಂ ಅನ್ನಾಕಿ ನಾನು. ಕಂಪನಿಯವರು ಆರು ತಿಂಗಳು ಹೊಸ ಮಷಿನ್ ಕಲೀರಿ ಅಂತ ಕಳಿಸ್ಯಾರ, ಆದರ ಮಷಿನ್ ಸುದ್ದಿ ಒಂದು ದಿನಾನೂ ನಿಮ್ಮ ಬಾಯಾಗ ಬರಲಿಲ್ಲ. ಬರೇ ಟೆಕ್ಸಸ್! ಅಲ್ಲಿಯವರು ಅಮೆರಿಕಾದವರು ಅಂತ ಹೇಳೂದೇ ಇಲ್ಲಂತ, ಭೆಟ್ಟಿಯಾದ ಕೂಡಲೇ ಟೆಕ್ಸಸ್‌ದವರು ಅಂತಾರಂತ. ಮನಿ ಮುಂದ ದೇಶದ ಝೇಂಡಾದ ಬಾಜೂಕ ರಾಜ್ಯದ್ದೂ ಝೇಂಡಾ ಅಂತ. ಒಂದು ಕಾಲಕ್ಕ ಅದೇ ಒಂದು ಬ್ಯಾರೇ ದೇಶ ಇತ್ತಂತ, ಅದನ್ನ ಇವತ್ತಿಗೂ ಎದಿ ಉಬ್ಬಿಸಿ ಹೇಳ್ತಾರಂತ. ಸಾಲಿಯಾಗ ಮಕ್ಕಳು ರಾಜ್ಯದ ಝೇಂಡಾಕ್ಕೂ ಕೈ ಎದಿ ಮ್ಯಾಲ ಇಟ್ಟು ಪ್ರತಿಜ್ಞಾ ಮಾಡ್ತಾವಂತ. ಮೊನ್ನಿ ಅಂತೂ ಹದ್ದು ಮೀರಿತು, ನಾಷ್ಟಾಕ್ಕ ರಾಜ್ಯದ ನಕಾಶೆಯಂಗ ಬೇಯಿಸಿದ ತಿಂಡಿ ತಿಂದೆ ಅಂದ್ರಿ. ಅದನ್ನ ಹೇಳೂವಾಗ ನಿಮ್ಮ ದನಿ ಕೇಳ್ಬೇಕಿತ್ತು. ನಮ್ಮ ಟೆಕ್ಸಸ್ ಅಂದ್ರಿ. ನಮ್ಮ!

ನನಗ ಹೊಟ್ಟಿಕಿಚ್ಚು ಆಗ್ಯದ್ರಿ. ಸುಳ್ಳ್ಯಾಕ ಹೇಳಲಿ? ಮಂದಿ ಹೆಂಡಂದಿರಿಗೆ ಯಾವುದೋ ಹೆಂಗಸಿನ ಮ್ಯಾಲ ಹೊಟ್ಟಿಕಿಚ್ಚು, ನನಗ ಒಂದು ರಾಜ್ಯದ ಮ್ಯಾಲ. ಲಗ್ನ ಆಗಿ ನಾಸಿಕ್‌ಗೆ ಬಂದಾಗಿಂದ ನಿಮ್ಮ ಬಾಯಾಗ ನಮ್ಮ ಬೀದರ, ನಮ್ಮ ಭಾಲ್ಕಿ ಅನ್ನೂದನ್ನ ನಾ ಕೇಳೇ ಇಲ್ಲ. ಫ್ಯಾಕ್ಟರಿಯಾಗ ಯಾರೋ ನಾಕು ಮಂದಿ ಕಾನಡಿ ಅಪ್ಪಾ ಅಂತ ಚಾಷ್ಟಿ ಮಾಡಿದ್ರಂತ, ಅಂದಿನಿಂದ ಯಾರರೆ ಗಾವ ಕುಠಲಂ, ಊರು ಯಾವುದು ಅಂತ ಕೇಳಿದ್ರ ಉದಗೀರ ಅನ್ನೂದು ಸುರು ಮಾಡಿದ್ರಿ. ಉದಗೀರ ಮಹಾರಾಷ್ಟ್ರದಾಗ ಬರ್ತದ, ಭಾಲ್ಕಿ ಬರೂದಿಲ್ಲ, ಅದೇ ಅಲ್ಲೇನು ಕಾರಣ? ಹೊಸ್ತಿಲದಾಚೆ ಕನ್ನಡ ಬ್ಯಾಡ ಅಂತ ನನಗ ತಾಕೀತು. ಒಮ್ಮೆ ವೈಷ್ಣವಿ ಸಣ್ಣಾಕಿ ಇದ್ದಾಗ ಗ್ಯಾಲರಿಯಾಗ ನಿಂತು ಉಣ್ಣಾಕ ಬಾರವ್ವಾ ಅಂತ ಒದರಿದ್ದಕ್ಕ ನೀವು ಎರಡು ದಿನ ಮಾತು ಬಿಟ್ಟಿದ್ರಿ, ನೆನಪದನು? ಬಾಜೂಮನಿ ಶಾಂತಾಬಾಯಿ ಒಂದು ಚಮಚೆ ಉಪ್ಪಿನಕಾಯಿ ಕೊಟ್ಟರೂ ಆಮಚಾ ಸಾತಾರಾ, ನಮ್ಮ ಸಾತಾರಾದ್ದು ಅಂತ ಊರ ಹೆಸರು ಹೇಳೇ ಕೊಡ್ತಾಳ. ನಾ ಶೇಂಗಾ ಹಿಂಡಿ ಕುಟ್ಟಿ ಕೊಟ್ಟಾಗ ಯಾವ ಕಡೇದು ಇದು ಅಂತ ಕೇಳಿದಳು. ಹಿಂಗೇ, ಮನ್ಯಾಗಿಂದು ಅಂದೆ. ಅವತ್ತೂ ಹೊಟ್ಟಿ ಉರಿದಿತ್ತು.

ಇನ್ನ ನೀವು ಬಾಡಿಗಿ ಹಿಡಿದ ಮನಿಯ ಆ ಡೊರೋಥಿ ಅಜ್ಜಿ ವಿಷಯ. ಎಪ್ಪತ್ತು ದಾಟಿದ ಮುದುಕಿ, ಅಂಥಾ ಸಂಶೇ ಪಡುವಷ್ಟು ಹುಚ್ಚಿ ನಾನಲ್ಲ. ಆದರ ಎರಡು ಐತಾರದ ಹಿಂದ ನೀವು ಫೋನ್ ಆಕಿ ಕೈಯಾಗ ಕೊಟ್ರಿ, ಇಲ್ಲಿ ವೈಷ್ಣವಿ ಹಿಡಿದಳು. ಆ ಮುದುಕಿಗೆ ಭಾಲ್ಕಿ ಕಿಲ್ಲಾ ಗೊತ್ತು! ನಮ್ಮ ಅತ್ತಿಯವರು ಹೊಲದಾಗ ಮೂರು ಕಲ್ಲಿಟ್ಟು ರೊಟ್ಟಿ ಬಡೀತಿದ್ದದ್ದು ಗೊತ್ತು. ಎಳ್ಳಮಾಸಿ ದಿನ ಬಂಡಿ ಕಟ್ಟಿಕೊಂಡು ಹೊಲಕ್ಕ ಹೋಗೂದು, ಭಜ್ಜಿ, ಅಂಬಲಿ, ಊರ ಮಂದೀನೆಲ್ಲ ಕರೆದು ಉಣಿಸೂದು, ಎಲ್ಲಾ ಗೊತ್ತು. ಭೂತಾಯಿಗೆ ಎಡಿ ಅಂತ ಚರಗ ಚೆಲ್ಲೂವಾಗ ಪೈರಿನ ಸುತ್ತ ಕೂಗ್ತಾರಲ್ಲ, ಅದನ್ನ ನೀವು ಆಕಿ ಹಿತ್ತಲದಾಗ ಕೂಗಿ ತೋರಿಸಿದ್ರಂತ. ಆಕಿ ಫೋನಿನಾಗೇ ಹುಲಿಗ್ಯೋ ಹುಲಿಗ್ಯೋ ಅಂತ ಒದರಿಬಿಟ್ಟಳು, ದೂರ ಕುಂತ ನನಗೂ ಕೇಳಿಸಿತು. ನನಗ ನಗು ಬಂತು, ಹಿಂದೇ ಸಿಟ್ಟು ಬಂತು. ವೈಷ್ಣವಿ ಫೋನ್ ಇಟ್ಟಾಕಿನೇ ಆಈ, ಪಪ್ಪಾಂನೀ ಮಲಾ ಹೇ ಕಧೀಚ ಕಾ ನಾಹೀ ಸಾಂಗಿತಲಂ ಅಂತ ಕೇಳಿದಳು. ಇದೆಲ್ಲ ನನಗ್ಯಾಕ ಪಪ್ಪಾ ಒಮ್ಮಿನೂ ಹೇಳಿಲ್ಲ ಅಂತ, ಅದೂ ಮರಾಠಿಯಾಗ. ಎಳ್ಳಮಾಸಿಗೆ ಒಂದು ಸಲಾನೂ ಆಕೀನ್ನ ಕರಕೊಂಡು ಹೋಗಿಲ್ಲ ನೀವು. ಯಾವಾಗ ಕೇಳಿದ್ರೂ ರಜಾ ಇಲ್ಲ. ಹೆತ್ತ ಮಗಳಿಗೆ ಕೊಡದ ಊರನ್ನ ಕಂಡರಿಯದ ಮುದುಕಿ ಕೈಯಾಗ ಇಟ್ಟೀರಿ. ನಾ ಒಳಗ ಹೋಗಿ ಅಕ್ಕಿ ಆರಿಸ್ಲಿಕ್ಕೆ ಕುಂತೆ.

ಇಷ್ಟು ಹೊಟ್ಟ್ಯಾಗ ಇಟ್ಟುಕೊಂಡೇ ಮೊನ್ನಿ ಐತಾರ ಔರಂಗಾಬಾದ್‌ಗೆ ಹೋದೆ, ವೈಷ್ಣವಿಗೆ ನೋಡಿದ ಆ ಹುಡುಗ ಓಂಕಾರನ ಮನಿ ನೋಡ್ಲಿಕ್ಕೆ. ನಿಮ್ಮ ತಮ್ಮ ಯಶವಂತ ಭಾಲ್ಕಿಯಿಂದ ಸೀದಾ ಅಲ್ಲಿಗೇ ಬಂದಿದ್ದ. ನೀವೇ ಫೋನಿನಾಗ ಹತ್ತು ಸಲ ಹೇಳಿದ್ರಲ್ಲ, ಅವರು ಸೋಲಾಪುರ ಕಡೆಯ ಮರಾಠಿ ಲಿಂಗಾಯತರು, ಅಲ್ಲಿ ಕನ್ನಡ ಬಾಯಿ ಬಿಡಬ್ಯಾಡ್ರಿ, ಉದಗೀರ ಅಂತಲೇ ಹೇಳ್ರಿ, ಸಂಬಂಧ ಕೈ ಬಿಟ್ಟೀತು ಅಂತ. ಹಂಗೇ ಮಾಡಿದ್ವಿ. ಸಿಡ್ಕೋ ಕಾಲನಿಯಾಗ ಮನಿ, ಚಂದ ಅದ. ಹುಡುಗ ವಾಳೂಜದ ಫ್ಯಾಕ್ಟರಿಯಾಗ ಇಂಜಿನಿಯರ್, ಅವರಪ್ಪನದು ಬಟ್ಟಿ ಅಂಗಡಿ. ಪೋಹೆ ಬಂತು, ಮರಾಠಿ ಮಾತು ನಡೀತು. ನಾವು ಉದಗೀರ ಅಂದ್ವಿ, ಅವರು ಸೋಲಾಪುರ ಅಂದ್ರು. ಯಶವಂತ ಅಂತೂ ಬಾಯಿಗೆ ಬೀಗ ಹಾಕಿದವನಂಗ, ಹೂಂ ಅನ್ನೂದಕ್ಕೂ ಮರಾಠಿಯಾಗ ಹೋ, ಹೋ ಅಂತ ಗೋಣು ಹಾಕ್ಲತ್ತಿದ್ದ. ಮೂಲ್ಯಾಗ ಹುಡುಗನ ಅಜ್ಜಿ ಕುಂತಿದ್ದಳು. ಏನು ಕೇಳಿದ್ರೂ ಮಾತಿಲ್ಲ, ಬರೇ ನಗು. ಕಿವಿ ಮಂದ ಅಂತ ಅವರ ಸೊಸಿ ಹೇಳಿದಳು.

ಆಮ್ಯಾಲ ಚಹಾ ಬಂತು. ಸ್ಟೀಲ್ ಗ್ಲಾಸು ತಗೊಳ್ಳೂವಾಗ ಅದು ಜಾರಿ ಚಹಾ ಅಜ್ಜಿ ಕೈ ಮ್ಯಾಲ ಬಿತ್ತು. ಅಯ್ಯ ಶಿವನ, ಸುಟ್ಟಿತಲ್ಲೋ ಯಪ್ಪಾ ಅಂತ ಅಜ್ಜಿ ಒದರಿದಳು. ಕೈ ನೀರಾಗ ಇಡ್ರಬೇ, ನೀರಾಗ ಇಡ್ರಿ ಅಂತ ನಾ ಎದ್ದು ಓಡಿದೆ. ಕೈ ಹಿಡಿದು ನೀರು ಹಾಕೂತನಕ ಇಬ್ಬರೂ ಕನ್ನಡ ಒದರೀವಿ ಅಂತ ನನಗ ಎಚ್ಚರಾನೇ ಇಲ್ಲ. ತಿರುಗಿ ನೋಡ್ತೀನಿ, ಮನಿ ಮಂದಿಯೆಲ್ಲ ನಮ್ಮಿಬ್ಬರನ್ನೇ ನೋಡ್ಲತ್ತಾರ! ಹುಡುಗನ ಅಪ್ಪನ ಮುಖ ಕೆಂಪಗ. ಅವರು ಸೋಲಾಪುರದವರೂ ಅಲ್ಲ, ಏನೂ ಅಲ್ಲ, ಆಳಂದದವರು, ನಮ್ಮ ಕಲಬುರ್ಗಿ ಜಿಲ್ಲಾದವರು! ನಾವು ಮರಾಠಿಯವರು, ಕನ್ನಡದವರಂದ್ರ ಕೀಳು ನೋಡ್ತೀವಿ ಅಂತ ಅವರೂ ಹೆದರಿದ್ದರಂತ. ಯಶವಂತ ಪೋಹೆ ತಾಟು ಕೆಳಗಿಟ್ಟು, ಸಾಕಾತಪ್ಪ ತಾಯಿ, ಇನ್ನ ನಾ ಸುಮ್ಮ ಕುಂದ್ರಂಗಿಲ್ಲ ಅಂದ. ಎಲ್ಲಾರೂ ಎಷ್ಟು ನಕ್ಕೀವಿ ಅಂತೀರಿ, ನನಗ ಪಕ್ಕೆ ಹಿಡೀತು.

ಅಜ್ಜಿ ಹೆಸರು ಮಲ್ಲಮ್ಮ. ಕಿವಿ ನಿಮ್ಮಕ್ಕಿಂತ ಚುರುಕು. ಒಳಗ ಕರಕೊಂಡು ಹೋಗಿ ನನ್ನ ಕೈ ಬಿಡಲೇ ಇಲ್ಲ. ಶ್ರಾವಣ ಸೋಮವಾರ ಮಗ ವೇರೂಳಿನ ಘೃಷ್ಣೇಶ್ವರನ ಗುಡಿಗೆ ಬಿಟ್ಟು ಬರ್ತಾನಂತ. ಅಜ್ಜಿ ದರ್ಶನ ಲಗೂ ಮುಗಿಸಿ ಹೊರಗ ಬಂದು ಕುಂದರ್ತಾಳಂತ, ನಮ್ಮ ಕಡೆ ಯಾತ್ರಾದ ಗಾಡಿ ಬಂದ್ರ ಇಳಿದವರ ಮಾತು ಕೇಳ್ಲಿಕ್ಕೆ. ಅವರು ತಮ್ಮ ತಮ್ಮೊಳಗ ಜಗಳಾಡಿದ್ರೂ ಚಂದ ಅನಸ್ತದ ಅಂದಳು. ನನಗ ಕಣ್ಣಾಗ ನೀರು ಬಂತು. ಅಜ್ಜಿ ಮ್ಯಾಲೂ ಹೊಟ್ಟಿಕಿಚ್ಚೇ ಆಯ್ತು. ಕೈ ಸುಟ್ಟುಕೊಂಡಾದ್ರೂ ಒಮ್ಮೆ ಗಟ್ಟಿಯಾಗಿ ಒದರಿದಳಲ್ಲ ಆಕಿ. ಖರೇ ಊರು ಯಾವುದವ್ವಾ ಅಂತ ಕೇಳಿದಳು. ಬೀದರ ಜಿಲ್ಲಾ, ಭಾಲ್ಕಿ ಅಂದೆ. ಇಷ್ಟು ವರ್ಷಕ್ಕ ಪರರ ಮನ್ಯಾಗ ಅದನ್ನ ಹೇಳಿದ್ದು ಅದೇ ಮೊದಲು. ನಿಮ್ಮ ಟೆಕ್ಸಸ್‌ದವರಿಗೆ ದಿನಾ ಹಿಂಗೇ ಅನಸ್ತಿದ್ದರ ಅವರು ಯಾಕ ಅಷ್ಟು ಹೇಳಿಕೊಳ್ತಾರ ಅನ್ನೂದು ನನಗ ತಿಳೀತು ಬಿಡ್ರಿ. ಹೊಟ್ಟಿಕಿಚ್ಚು ಮಾತ್ರ ಕಡಿಮಿ ಆಗಿಲ್ಲ.

ಹುಡುಗ ಒಳ್ಳೆಯವನು. ನಮ್ಮ ವೈಷ್ಣವಿ ಫೋಟೋ ನೋಡಿ ಒಪ್ಪ್ಯಾರ. ಆಕಿನೂ ಹೂಂ ಅಂದಾಳ. ಅವನ ಕನ್ನಡ ಈಕೀದಕ್ಕಿಂತ ಹರಕು ಅಂತ ಗೊತ್ತಾದ ಮ್ಯಾಲ ಭಾಳ ಖುಷಿ ಆಗ್ಯಾಳ.

ಯಶವಂತ ನಮಸ್ಕಾರ ತಿಳಿಸ್ಯಾನ. ಡೊರೋಥಿ ಅಜ್ಜಿಗೂ ನನ್ನ ಶರಣು ಹೇಳ್ರಿ. ನನಗ ಆಕಿ ಮ್ಯಾಲ ಸಿಟ್ಟಿಲ್ಲ, ಸಿಟ್ಟು ಯಾರ ಮ್ಯಾಲ ಅಂತ ನಿಮಗ ಗೊತ್ತದ. ಎಣ್ಣಿ ಪದಾರ್ಥ ಕಡಿಮಿ ಮಾಡ್ರಿ. ಬಸವಣ್ಣ ನಿಮ್ಮನ್ನ ಕಾಯಲಿ.

ನಿಮ್ಮ
ಸುಗುಣಾ

ತಾ.ಕ.: ಅಂಚೆಗೆ ಹಾಕ್ಲಿಕ್ಕೆ ಹೊಂಟು ನಿಂತೀನಿ. ಇನ್ನಾರು ತಿಂಗಳು ಅಲ್ಲೇ ಉಳೀರಿ ಅಂತ ಕಂಪನಿಯವರು ಕೇಳ್ಯಾರ, ಹೂಂ ಅನ್ನಲೇನು ಅಂತ ಕೇಳಿದ್ರಲ್ಲ, ಅದಕ್ಕ ಉತ್ತರ ಇದು. ಡಿಸೆಂಬರ್ ೧೬ಕ್ಕ ಎಳ್ಳಮಾಸಿ. ಓಂಕಾರನ ಮನಿ ಮಂದೀನೆಲ್ಲ ಭಾಲ್ಕಿ ಹೊಲಕ್ಕ ಊಟಕ್ಕ ಕರೆದೀನಿ, ಮಲ್ಲಮ್ಮಜ್ಜಿನೂ ಬರ್ತಾಳ. ನಿಶ್ಚಯದ ಮಾತು ಅಲ್ಲೇ. ಶಾಂತಾಬಾಯಿಗೂ ಹೇಳೀನಿ, ಬೀದರ ಜಿಲ್ಲಾ ನಮ್ಮದು, ಬರ್ರಿ ಅಂತ. ಅಲ್ಲಾ, ನಿಮ್ಮ ಯಜಮಾನರು ಉದಗೀರ ಅಂತಿದ್ದರಲ್ಲ ಅಂದಳು. ಅವರು ಬಂದ ಮ್ಯಾಲ ಅವರನ್ನೇ ಕೇಳ್ರಿ ಅಂದೀನಿ. ತಿರುಗಿ ಬರೂ ೧೨ನೇ ತಾರೀಖಿನ ಟಿಕೇಟು ರದ್ದು ಮಾಡಬ್ಯಾಡ್ರಿ. ಚರಗ ಚೆಲ್ಲೂವಾಗ ಮನಿ ಯಜಮಾನ ಕೂಗಬೇಕು, ಮಗಳು ಹಿಂದ ನಿಂತು ಕೇಳಬೇಕು. ನೀವು ಬರಲಿಲ್ಲಂದ್ರ ನಾನೇ ಕೂಗ್ತೀನಿ, ನಿಮ್ಮ ಟೆಕ್ಸಸ್‌ಗೆ ಕೇಳೂವಂಗ.