ಎಲ್ಲಾ ಮಾಫ್ ಅನ್ನಬೇಡ

ಮಕ್ಕಾ
11 ನವೆಂಬರ್ 2025, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ನೂರೀನ ಮಾಡುವ ಸಲಾಂ. ಅಪ್ಪ ಆರಾಮಿದ್ದಾನೆ. ಸಕ್ಕರೆ ಗುಳಿಗೆ ಒಂದು ಹೊತ್ತೂ ತಪ್ಪಿಸಿಲ್ಲ. ನಿನ್ನೆ ಹರಮ್ ಮಸೀದಿಯಿಂದ ಹೊರಗೆ ಬರುವಾಗ ಚಪ್ಪಲಿ ಸಿಗಲಿಲ್ಲ, ಬರಿಗಾಲಲ್ಲೇ ಹೋಟೆಲ್‌ವರೆಗೆ ನಡೆದ. ಹೊಸವು ತರ್ತೀನಿ ಅಂದರೆ, ಕೊಟ್ಟೂರು ಬಿಸಿಲಾಗ ಕಾದ ಕಾಲು ಇವು, ಇದೇನ್ ಮಹಾ ಅಂದ.

ದಿನಾ ಎರಡು ಸಲ ವಿಡಿಯೋದಲ್ಲಿ ಮುಖ ನೋಡುತ್ತೇವೆ, ಮತ್ತೆ ಪತ್ರ ಯಾಕೆ ಅಂತೀಯೇನೋ. ಫೋನ್ ಹಿಡಿದಾಗ ನನ್ನ ಪಕ್ಕದಲ್ಲಿ ಅಪ್ಪ ಇರ್ತಾನೆ, ನಿನ್ನ ಪಕ್ಕದಲ್ಲಿ ತಂಗಿ ಖುಷ್ನುಮಾ. ಇದು ನೀನೊಬ್ಬಳೇ ಓದಬೇಕಾದ್ದು. ನನ್ನ ರೂಮಿನಲ್ಲಿರುವ ಹಡಗಲಿಯ ಮಹಬೂಬ್ ಬೀ ಅವರದು ಹತ್ತೇ ದಿನದ ಉಮ್ರಾ ಯಾತ್ರೆ. ನಾಳೆ ಹೊರಡುತ್ತಾರೆ, ಶುಕ್ರವಾರ ಕೊಟ್ಟೂರಿಗೆ ಬಂದು ನಿನ್ನ ಕೈಗೇ ಕೊಡ್ತಾರೆ. ನನ್ನ ಕೂಸು ಮಹೀರಾಳನ್ನು ಖುಷ್ನುಮಾ ಕೈಗೆ ಕೊಟ್ಟು ಬಾಗಿಲು ಮುಂದೆ ಮಾಡಿಕೊಂಡು ಓದು. ಶನಿವಾರ ನಮ್ಮ ವಿದಾಯದ ತವಾಫ್. ಅಷ್ಟರೊಳಗೆ ನನಗೆ ನಿನ್ನಿಂದ ಒಂದು ಮಾಫಿ ಬೇಕು. ಸಿಗದಿದ್ದರೆ ಯಾವ ಮುಖ ಹೊತ್ತು ಕಾಬಾದ ಆ ಏಳು ಸುತ್ತು ಸುತ್ತಲಿ?

ಅಮ್ಮ, ಕಾಬಾ ಮೊದಲ ಸಲ ಕಣ್ಣಿಗೆ ಬೀಳುವಾಗ ಬೇಡಿದ್ದು ಸಿಗುತ್ತದೆ ಅಂತ ನೀನು ಹತ್ತು ಬೇಡಿಕೆ ಬಾಯಿಪಾಠ ಮಾಡಿಸಿ ಕಳಿಸಿದ್ದಿ. ನಾನು ತಲೆ ಎತ್ತಿ ನೋಡಿದೆ. ಅಷ್ಟು ಹತ್ತಿರ, ಅಷ್ಟು ಕಪ್ಪು. ಸುತ್ತಲಿನವರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನನಗೆ ಹತ್ತರಲ್ಲಿ ಒಂದೂ ನೆನಪಾಗಲಿಲ್ಲ. ಮಹೀರಾಳ ಕೆಮ್ಮಿನ ಔಷಧಿ ಎರಡೂವರೆ ಎಂಎಲ್ ಅಂತ ಹೇಳಿದೆನೋ, ಐದು ಅಂತ ಹೇಳಿದೆನೋ, ಅದೊಂದೇ ತಲೆಯೊಳಗೆ ಗಿರಗಿರ ತಿರುಗಿತು. ಅಪ್ಪ ಮಾತ್ರ ಆ ಕಪ್ಪು ಬಟ್ಟೆಯನ್ನೇ ನೋಡುತ್ತಾ, ಹೊಲಿಗಿ ನೋಡ್ಲೇ ನೂರಿ, ಒಂದ್ ಎಳಿ ಹೆಚ್ಚುಕಮ್ಮಿ ಇಲ್ಲ ಅಂದ. ನಲವತ್ತು ವರ್ಷ ಗಾದಿ ಹೊಲಿದ ಕಣ್ಣಲ್ಲವೇ.

ತವಾಫ್‌ನಲ್ಲಿ ನಮ್ಮ ಕಾಲು ನಮ್ಮದಾಗಿರುವುದಿಲ್ಲ. ಮುಂದಿನವರ ಬೆನ್ನು, ಹಿಂದಿನವರ ಉಸಿರು, ಅತ್ತರು, ಬೆವರು. ಅಪ್ಪ ಹತ್ತಿ ಬಿಡಿಸಿದ ಹಾಗೆ ಜನರನ್ನು ಮೆಲ್ಲಗೆ ಬಿಡಿಸುತ್ತಾ ನನಗೆ ದಾರಿ ಮಾಡಿದ. ಆರನೇ ಸುತ್ತಿಗೆ ನನ್ನ ಹಿಮ್ಮಡಿ ಒಡೆದು ಉರಿಯುತ್ತಿತ್ತು. ಆ ಉರಿ ಹಿತವಾಗಿತ್ತು ಅಂದರೆ ನಂಬುತ್ತೀಯಾ? ಎಲ್ಲೋ ಒಂದು ಕಡೆ ಶಿಕ್ಷೆ ಆಗುತ್ತಿದೆಯಲ್ಲ ಅನ್ನಿಸಿತು.

ಆಮೇಲೆ ಸಫಾ ಮರ್ವಾ. ಹಾಜಿರಾ ಬೀಬಿ ಕೂಸಿಗೆ ನೀರು ಹುಡುಕುತ್ತಾ ಏಳು ಸಲ ಓಡಿದ ಜಾಗ. ಈಗ ಮೇಲೆ ದೀಪ, ಕೆಳಗೆ ತಣ್ಣನೆ ಕಲ್ಲು. ನಾಲ್ಕನೇ ಸಲ ನಡೆಯುವಾಗ ಯಾರದೋ ಕೂಸು ಚೀರಿತು. ಬೇವಿನ ಸೊಪ್ಪು ಅರೆದು ಹಚ್ಚಿಕೊಂಡು ಮಹೀರಾಗೆ ಹಾಲು ಬಿಡಿಸಿ ಹದಿನೈದು ದಿನದ ಮೇಲಾಗಿತ್ತು, ನಿಂತೇಹೋಯಿತು ಅಂದುಕೊಂಡಿದ್ದೆ. ಬುರ್ಖಾದೊಳಗೆ ಎದೆಯೆಲ್ಲ ತೊಯ್ದುಹೋಯಿತು. ಆಕೆ ಕೂಸಿಗಾಗಿ ಓಡಿದಳು, ನಾನು ಕೂಸು ಬಿಟ್ಟು ಬಂದು ನಡೆಯುತ್ತಿದ್ದೇನೆ. ಅಲ್ಲಿಂದ ನಿದ್ದೆ ಪೂರಾ ಹೋಯಿತು.

ಮೊನ್ನೆ ನಮ್ಮ ಮೌಲಾನಾ ಹೆಣ್ಣುಮಕ್ಕಳನ್ನೆಲ್ಲ ಕೂರಿಸಿಕೊಂಡು, ಅಲ್ಲಾಹನಿಗೆ ಮಾಡಿದ ತಪ್ಪು ಇಲ್ಲಿ ಅತ್ತು ಕೇಳಿದರೆ ಮಾಫ್, ಆದರೆ ಮನುಷ್ಯರಿಗೆ ಮಾಡಿದ ತಪ್ಪಿಗೆ ಆ ಮನುಷ್ಯರ ಮುಂದೆಯೇ ನಿಲ್ಲಬೇಕು ಅಂದರು. ಎಲ್ಲರೂ ತಲೆ ಆಡಿಸಿದರು. ಊರು ಬಿಡುವ ಮುಂಚೆ ಎಲ್ಲರೂ ಮನೆಮನೆಗೆ ಹೋಗಿ, ಅಂದಿದ್ದು ಆಡಿದ್ದು ಮಾಫ್ ಮಾಡ್ರಿ ಅಂತ ಕೇಳಿ ಬಂದವರೇ. ನಾನೂ ಕೇಳಿದ್ದೆ. ಪಕ್ಕದ ಮನೆಯ ಹಂಪಮ್ಮ ಏನಂದಳು ನೆನಪಿದೆಯಾ? ಹಂಗ ಮೂಟಿಗಟ್ಟಲೆ ಮಾಫ್ ಮಾಡಾಕಾಗಂಗಿಲ್ಲವ್ವ, ನನ್ನ ಹಪ್ಪಳ ತುಳುದಿದ್ದು ನಿಮ್ಮ ಕೋಳಿ ಹೌದೋ ಅಲ್ಲೋ ಮೊದ್ಲು ಹೇಳು ಅಂದಳು. ಹೌದು ಅಂತ ಒಪ್ಪಿಕೊಂಡ ಮೇಲೆಯೇ ಕೈಗೆ ಹೂವು ಕೊಟ್ಟಳು. ಓಣಿಯೆಲ್ಲ ನಕ್ಕಿತು.

ನಿನ್ನ ಮಂಚದ ಹತ್ತಿರ ಬಂದು ನಾನು ಅದೇ ಒಂದು ಮಾತು ಹೇಳಿದೆ. ನೀನು, ಎಲ್ಲಾ ಮಾಫ್ ಹೋಗವ್ವ, ಬಸ್ಸಿಗೆ ಹೊತ್ತಾತು ಅಂದಿ. ಕಾಲು ಮುಟ್ಟಿ, ಬಿಡುಗಡೆಯಾಯಿತು ಅಂತ ಓಡಿಬಿಟ್ಟೆ. ಏನು ಮಾಡಿದ್ದೆ ಅಂತ ಹೇಳದೆ ಇಸಿದುಕೊಂಡ ಮಾಫಿ ಅದು.

ನಿನ್ನೆ ಅಪ್ಪ ಕಾಬಾದ ಎದುರು ಕೈ ಎತ್ತಿ ಜೋರಾಗಿ ಅಳುತ್ತಿದ್ದ. ಅರಬ್ಬಿಯಲ್ಲಿ ಕಲಿತದ್ದು ಮುಗಿದು ಮಾತು ನಮ್ಮ ಕನ್ನಡಕ್ಕೆ ಇಳಿಯಿತು, ಬೇಡಿದ್ದು ನಿನ್ನ ಸಲುವಾಗಿ. ಯಾ ಅಲ್ಲಾಹ್, ನನ್ನ ಗುಲ್ಜಾರಗ ಸ್ವಲ್ಪ ಬುದ್ಧಿ ಕೊಡಪ್ಪಾ, ನೋಡಿ ಕಾಲಿಡೋದು ಕಲಸು, ಎಷ್ಟ್ ಸಲ ಹೇಳಿದ್ರೂ ಕೇಳಾಂಗಿಲ್ಲ ಆಕಿ ಅಂತ. ನಾನು ಪಕ್ಕದಲ್ಲೇ ಇದ್ದೆ, ಅಮ್ಮ. ಆಮೀನ್ ಅನ್ನು ಅಂತ ನನ್ನ ಕಡೆ ತಿರುಗಿದ. ಅಂದೆ.

ಈಗ ಹೇಳಿಬಿಡುತ್ತೇನೆ.

ಬಕ್ರೀದ್ ಆದ ವಾರ ಬಚ್ಚಲಲ್ಲಿ ನೀನು ಬಿದ್ದದ್ದು ನಿನ್ನ ತಪ್ಪಿನಿಂದಲ್ಲ. ಅವತ್ತು ಮಹೀರಾಗೆ ಹರಳೆಣ್ಣೆ ತಿಕ್ಕುವಾಗ ಬಟ್ಟಲು ಜಾರಿ ಎಣ್ಣೆ ಕಲ್ಲಿನ ಮೇಲೆ ಚೆಲ್ಲಿತು. ಬಿಸಿನೀರು ಹಾಕಿ ತೊಳೆಯಬೇಕು ಅಂದುಕೊಂಡೆ. ಕೂಸು ಅಳುತ್ತಿತ್ತು. ಮೊದಲು ಹಾಲು ಕುಡಿಸಿ ಬರೋಣ ಅಂತ ಒಳಗೆ ಹೋಗಿ ಗೋಡೆಗೆ ಒರಗಿದೆ. ಐದು ತಿಂಗಳಿಂದ ಎರಡು ತಾಸು ಒಟ್ಟಿಗೆ ಮಲಗಿರಲಿಲ್ಲ. ಕೂತಲ್ಲೇ ನಿದ್ದೆ ಬಂತು. ನೀನು ನಮಾಜಿಗೆ ಕೈಕಾಲು ತೊಳೆದು ವಜೂ ಮಾಡಲು ಹೋದದ್ದು ಗೊತ್ತಾಗಲಿಲ್ಲ. ನಿನ್ನ ಕೂಗಿಗೇ ಎಚ್ಚರವಾದದ್ದು.

ಇಷ್ಟೇ ಆಗಿದ್ದರೆ ನಿದ್ದೆಯ ತಪ್ಪು ಅನ್ನಬಹುದಿತ್ತು. ನಿನ್ನನ್ನು ದಾವಣಗೆರೆ ಆಸ್ಪತ್ರೆಗೆ ಕರೆದೊಯ್ಯುವಾಗ ಕೂಸಿದೆ ಅಂತ ನಾನು ಮನೆಯಲ್ಲೇ ಉಳಿದೆನಲ್ಲ, ಗಾಡಿ ತಿರುವು ದಾಟಿದ ಕೂಡಲೇ ಸೋಪಿನ ಪುಡಿ ಹಾಕಿ ಆ ಕಲ್ಲು ಉಜ್ಜಿ ತೊಳೆದೆ. ನಾಲ್ಕು ಸಲ. ಆಮೇಲೆ ಬಂದ ಹಂಪಮ್ಮ ಕಲ್ಲು ಮುಟ್ಟಿ ನೋಡಿ, ಜಾರೂದೇ ಇಲ್ಲಲ್ಲ, ಗುಲ್ಜಾರವ್ವಗ ಕಣ್ಣು ಮಂಜಾಗ್ಯಾವು ಅಂದಳು. ನಾನು ಹೂಂ ಅಂದೆ. ತೊಡೆಗೆ ಸರಳು ಹಾಕಿಸಿಕೊಂಡು ನೀನು ಮನೆಗೆ ಬಂದಾಗ ಅಪ್ಪ ಬೈದ, ನಿನ್ನ ಕಣ್ಣು ಎಲ್ಲಿದ್ವು ಅಂತ. ನೀನೇ ತಪ್ಪು ಮಾಡಿದವಳ ಹಾಗೆ ಗೋಡೆ ಕಡೆ ತಿರುಗಿದಿ. ಆಗಲೂ ಬಾಯಿ ಬಿಡಲಿಲ್ಲ ನಾನು.

ಇನ್ನೂ ಒಂದು ವರ್ಷ ಗದ್ದಲದಲ್ಲಿ ನಡೆಯಬಾರದು ಅಂತ ಡಾಕ್ಟರು ಹೇಳಿದರು. ಹನ್ನೊಂದು ವರ್ಷ ನೀನು ಕಾದ ಜಾಗದಲ್ಲಿ ನಾನು ನಿಂತಿದ್ದೇನೆ. ನಿನಗೆ ಹೊಲಿಸಿದ ಬಿಳಿ ದುಪಟ್ಟಾ ನನ್ನ ತಲೆಯ ಮೇಲಿದೆ.

ಇದನ್ನು ಓದಿ ಮೊದಲಿನ ಹಾಗೆ ಎಲ್ಲಾ ಮಾಫ್ ಅನ್ನಬೇಡ. ಎಣ್ಣೆ ಬೇರೆ, ಕಲ್ಲು ತೊಳೆದದ್ದು ಬೇರೆ, ಹೂಂ ಅಂದದ್ದು ಬೇರೆ, ಆಮೀನ್ ಬೇರೆ. ಯಾವುದು ಆಗುತ್ತದೋ ಅದನ್ನು ಮಾಡು, ಆಗದ್ದನ್ನು ಆಗಲ್ಲ ಅನ್ನು. ಬೈಯಬೇಕು ಅನ್ನಿಸಿದರೆ ಫೋನಿನಲ್ಲೇ ಬೈ. ಇವತ್ತು ಸಂಜೆಯ ನಮಾಜ್ ಆದ ಮೇಲೆ ಅಪ್ಪನಿಗೆ ನಾನೇ ಹೇಳುತ್ತೇನೆ. ನಿನ್ನ ಮೇಲೆ ಬೇಡಿದ ಆ ದುವಾ ಅವನು ವಾಪಸು ಪಡೆಯಬೇಕು, ಇದೇ ಊರಲ್ಲಿ, ಅದೇ ಕಾಬಾದ ಎದುರು.

ಮಹೀರಾಗೆ ಔಷಧಿ ಎರಡೂವರೆ ಎಂಎಲ್. ಐದಲ್ಲ. ಫೋನಿನಲ್ಲಿ ಹೇಳಿದ್ದೇನೆ, ಆದರೂ ಖುಷ್ನುಮಾಗೆ ಇನ್ನೊಂದು ಸಲ ಹೇಳು.

ನಿನ್ನ ಮಾಫಿಗೆ ಕಾದಿರುವ ಮಗಳು,
ನೂರೀನ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಒಂದು ಉಳಿದಿತ್ತು. ಅಮ್ಮನ ಬದಲು ನೀನು ಬಾ ಅಂತ ಅಪ್ಪ ಕರೆದ ದಿನ ನನಗೆ ನಿನ್ನ ಕಾಲು ನೆನಪಾಗಲಿಲ್ಲ, ಕಾಬಾ ಕೂಡ ನೆನಪಾಗಲಿಲ್ಲ. ಹದಿನೈದು ರಾತ್ರಿ ಕೂಸಿಲ್ಲದೆ ಮಲಗಬಹುದು ಅಂತ ಲೆಕ್ಕ ಹಾಕಿದೆ. ನೀನು ಒಳಗೆ ನರಳುತ್ತಿದ್ದಿ. ನಾನು ಅಡಿಗೆಮನೆಯಲ್ಲಿ ನಿಂತು ಖುಷಿಪಟ್ಟೆ, ಅಮ್ಮ.