ಹೊಲಿಯದೆ ಬಿಟ್ಟ ಕಿಂಡಿ

ಮೊಕ್ಪೊ,
ಸೆಪ್ಟೆಂಬರ್ 24, 2019

ಮುದ್ದು ಮಗಳು ಬೊರಾಮ್‌ಗೆ,

ನೀನು ಫೋನು ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ. "ಅಮ್ಮನ್ನ ಈ ಸ್ಥಿತಿಗೆ ತಂದಿದ್ದು ನಾನೇ" ಎಂದು ಗಂಡನ ಮುಂದೆ ಅಳುತ್ತಿದ್ದೀಯಂತೆ. ಅದು ಸುಳ್ಳು.

ಚುಸೊಕ್ ಹಬ್ಬದ ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು, "ಅಕ್ಕಿ ಕಡುಬು ಸಿಕ್ಕಿಕೊಂಡಿದೆ ಕಣೇ, ಸೂಜಿ ತಾ" ಎಂದವಳು ಅಮ್ಮನೇ. ಅಜೀರ್ಣವಾದರೆ ಹೆಬ್ಬೆರಳು ಚುಚ್ಚಿ ರಕ್ತ ತೆಗೆಯುವುದು ನಮ್ಮಲ್ಲಿ ನಿನ್ನೆ ಮೊನ್ನೆಯದಲ್ಲ. ನೀನು ತೋಳು ನೀವಿ, ಬೆರಳಿಗೆ ದಾರ ಸುತ್ತಿ, ಉಗುರಿನ ಬುಡಕ್ಕೆ ಚುಚ್ಚಿದೆ. "ನೋಡಿದ್ರಾ, ರಕ್ತ ಎಷ್ಟು ಕಪ್ಪಗಿದೆ! ನಿಮ್ಮ ಪುಸ್ತಕದಲ್ಲಿ ಇದೆಲ್ಲ ಬರೆದಿದೆಯೇನ್ರೀ?" ಎಂದು ಅಮ್ಮ ಪುಸ್ತಕದ ಹುಳುವಾದ ನನ್ನನ್ನು ಹಂಗಿಸಿದಳು. ಎಲ್ಲರೂ ನಕ್ಕೆವು. ಬೆಳಗಾಗುವಷ್ಟರಲ್ಲಿ ಅವಳ ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು.

ಈಗ ಕೇಳು. ವಸಂತದಲ್ಲಿ ಸಣ್ಣ ತೂತು ಕೊರೆದು ಲ್ಯಾಪರೋಸ್ಕೋಪಿ ಮಾಡಿ ಗೆಡ್ಡೆಯಿದ್ದ ಕರುಳಿನ ಭಾಗವನ್ನು ತೆಗೆದರಲ್ಲ, ಆಗ ಕರುಳನ್ನು ಹಿಡಿದಿಡುವ ತೆಳು ಪೊರೆಯಲ್ಲಿ ಒಂದು ಕಿಂಡಿ ಉಳಿಯಿತು. ಹೊಲಿಯಲಿಲ್ಲ. ಸಣ್ಣ ಕರುಳು ಅದರೊಳಗೆ ನುಸುಳಿ, ತಿರುಚಿಕೊಂಡು, ರಕ್ತವಿಲ್ಲದೆ ಕಪ್ಪಾಯಿತು. ಹಬ್ಬದ ಮರುದಿನ ಹೊಟ್ಟೆ ತೆರೆದು ಕತ್ತರಿಸಿ ತೆಗೆದದ್ದು ಅದನ್ನೇ. "ತುಂಬಾ ಅಪರೂಪ ಯಜಮಾನ್ರೇ, ಸಾಮಾನ್ಯವಾಗಿ ನಾವು ಹೊಲಿಯಲ್ಲ" ಎಂದರು ಡಾಕ್ಟರು. ಹಿಂದೆ ಸೇತುವೆ ಕುಸಿದು ಜನ ಸತ್ತ ವರ್ಷವೂ ಅಧಿಕಾರಿಗಳ ಬಾಯಲ್ಲಿ ನಾನು ಈ 'ಅಪರೂಪ'ವನ್ನು ಕೇಳಿದ್ದೇನೆ. ಗ್ರಂಥಾಲಯದಲ್ಲಿ ಕೂತು ಓದಿದೆ. ಹೊಲಿಯಬೇಕೇ ಬೇಡವೇ ಎಂದು ಡಾಕ್ಟರುಗಳಲ್ಲೇ ವಾದವಿದೆ. ಇರಲಿ. ಹೊಟ್ಟೆ ನೋವು ಬಂದರೆ ತಡಮಾಡದೆ ಓಡಿ ಬನ್ನಿ ಎನ್ನುವುದಕ್ಕೆ ಯಾವ ವಾದ ಅಡ್ಡ ಬಂತು? ಮನೆಗೆ ಕಳಿಸುವಾಗ ಹೇಳಿದ್ದು ಇಷ್ಟೇ: "ಗಾಯ ಎಲ್ಲಿದೆ ಅಂತ ಹುಡುಕಬೇಕು, ಅಷ್ಟು ಚಿಕ್ಕದು. ಆರಾಮಾಗಿರಿ." ಅವರು ಹೇಳದ್ದು ನಿನಗೆ ಹೇಗೆ ತಿಳಿಯಬೇಕು ಮಗಳೇ? ಆಸ್ಪತ್ರೆಯ ಮೇಲೆ ದೂರು ಕೊಟ್ಟಿದ್ದೇನೆ. ಉತ್ತರ ಬರುವ ತನಕ ಬಿಡುವವನಲ್ಲ.

ಅಮ್ಮ ಚೇತರಿಸಿಕೊಳ್ಳುತ್ತಿದ್ದಾಳೆ. ಇವತ್ತು ಎರಡು ಚಮಚ ಗಂಜಿ ಕುಡಿದಳು. ಸಕ್ಕರೆ ಪರೀಕ್ಷೆಗೆ ನರ್ಸು ಬೆರಳು ಚುಚ್ಚಿದಾಗ, "ನನ್ನ ಮಗಳ ಕೈಯಾಗಿದ್ರೆ ನೋವೇ ಆಗ್ತಿರಲಿಲ್ಲ" ಎಂದಳು. ಅವಳಿಗೆ ನಿನ್ನ ಮೇಲೆ ಸಿಟ್ಟಿಲ್ಲ.

ಬಿಡುವಾದಾಗ ಬಾ. ಆತುರವೇನಿಲ್ಲ.

ನಿನ್ನ ಅಪ್ಪ,
ಕ್ವಾಕ್ ದೊಕ್‌ಸೂ

ತಾ.ಕ.: ಲಕೋಟೆ ಅಂಟಿಸಲು ಮನಸ್ಸು ಬರಲಿಲ್ಲ. ಗಂಜಿಯ ಮಾತು ಸುಳ್ಳು. ಅವಳ ಬಾಯಿಗೆ ಹನಿ ನೀರೂ ಹೋಗುತ್ತಿಲ್ಲ. ಉಳಿದ ಕರುಳೂ ಸಾಯುತ್ತಿದೆಯಂತೆ, ಶುಕ್ರವಾರ ಮತ್ತೆ ಹೊಟ್ಟೆ ತೆರೆಯುತ್ತಾರೆ. "ಮಕ್ಕಳಿದ್ರೆ ಕರೆಸಿಬಿಡಿ" ಎಂದರು ಡಾಕ್ಟರು. ನೀನು ಆಗಲೇ ಹೊರಟಿದ್ದೀಯ ಎಂದು ಅಮ್ಮನಿಗೆ ಹೇಳಿಬಿಟ್ಟಿದ್ದೇನೆ. ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಾಳೆ.