ಭಾವ ಪಾತ್ರೆ ತೊಳೆದ ಊರು

ಅಕ್ಕಾ,

ನಕಾಶೆಯಲ್ಲಿ ಹುಡುಕಿದರೂ ಸಿಗದ ಬೆಟ್ಟದೂರಿಗೆ ಬಂದಿದ್ದೇವೆ. ಭಾವ ಕ್ಷೇಮ, ಅವರ ಮರ್ಯಾದೆಯ ವಿಷಯ ಮಾತ್ರ ಕೇಳಬೇಡ.

ಇಲ್ಲಿ ಹಿಮ ಕರಗಿದ ತೊರೆ ಕಲ್ಲಿನ ಕಾಲುವೆಯಲ್ಲಿ ಎಲ್ಲರ ಅಡುಗೆಮನೆಯೊಳಗೇ ಹಾದು ಕೆಳಗಿಳಿಯುತ್ತದೆ. ಬೆಳಗ್ಗೆ ಮೊದಲು ಎಲ್ಲ ಮನೆಯವರೂ ಕುಡಿಯುವ ನೀರು ತುಂಬಿಕೊಳ್ಳಬೇಕು. ಕೊನೆಯ ಮನೆಯ ಅಜ್ಜಿ "ತುಂಬ್ತು" ಎಂದು ರಾಗವಾಗಿ ಕೂಗುತ್ತಾಳೆ. ಆ ಕೂಗು ಮನೆಯಿಂದ ಮನೆಗೆ ಹತ್ತಿ ಮೇಲೆ ಬಂದ ಮೇಲೆಯೇ ಮಿಕ್ಕ ಕೆಲಸ. ನಾವಿರುವುದು ತುತ್ತತುದಿಯ ಮನೆಯಲ್ಲಿ. ಮೊದಲ ದಿನವೇ ಭಾವ ಕೂಗಿಗೆ ಕಾಯದೆ ಹಲ್ಲುಜ್ಜಿ, ಅದೇ ಕಾಲುವೆಯಲ್ಲಿ ಬಾಯಿ ಮುಕ್ಕಳಿಸಿದರು. ಕೆಳಗಿನ ಹೆಂಗಸರೆಲ್ಲ ಬಿಂದಿಗೆ ಸಮೇತ ಹತ್ತಿ ಬಂದರು.

ಮನೆಯಾಕೆ, "ನಾಳೆಯಿಂದ ಪಾತ್ರೆ ನೀವೇ ತೊಳೀರಿ. ಆಗ ಕಿವಿ ತಾನಾಗೇ ಕೂಗಿಗೆ ಕಾಯುತ್ತೆ" ಎಂದಳು. ಉಂಡ ತಟ್ಟೆ ಎತ್ತಿಡದ ಭಾವ ಈಗ ಬೂದಿ ಹಾಕಿ ಉಜ್ಜಿ ಲೋಟ ಫಳಫಳ ಮಾಡುತ್ತಾರೆ. "ಪಳಗಿದ ಕೈ" ಎಂದು ಆಕೆ ಮೆಚ್ಚಿದರೆ, "ನಮ್ಮನೇಲೂ ನಾನೇ ಅಲ್ವಾ ತೊಳೆಯೋದು" ಎಂದರು. ನಾನು ಗೋಡೆ ನೋಡಿದೆ.

ಅವರ ಮಂಡಿನೋವು ಕಡಿಮೆಯಾಗಿದೆ, ಕನ್ನಡಕ ಕಳೆದಿದೆ. ಆ ಧೈರ್ಯದಲ್ಲೇ ಈ ಕಾರ್ಡನ್ನು ಅವರ ಕೈಯಲ್ಲೇ ಅಂಚೆಗೆ ಕಳಿಸುತ್ತಿದ್ದೇನೆ. ನಾವು ಬರುವಷ್ಟರಲ್ಲಿ ಪಾತ್ರೆ ಕೂಡಿಟ್ಟಿರು.

ನಿನ್ನ ತಮ್ಮ

(ಅಂಚಿನಲ್ಲಿ, ಬೇರೆ ಕೈಬರಹ)
ಕನ್ನಡಕ ಕೋಟಿನ ಜೇಬಲ್ಲೇ ಇತ್ತು. ಹರಿದು ಹಾಕೋಣವೆಂದರೆ ಕಾರ್ಡಿನ ದುಡ್ಡು ದಂಡ. ಪಾತ್ರೆ ಕೂಡಿಡಬೇಡ. ನಮ್ಮ ಮನೆ ನಲ್ಲಿಯ ನೀರಿಗೆ ನನ್ನ ಕೈ ಓಡುವುದಿಲ್ಲ.